ಲೆಕ್ಕ ಕೆಟ್ಟದಾಗಿ ಬಂದ ತಿಂಗಳು ಬಾಸ್ ಏನು ಮಾಡುತ್ತಾರೆ?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಡೇಟಾ ಟೀಮ್‌ನಲ್ಲಿದ್ದೇನೆ. ಎಷ್ಟು ಗ್ರಾಹಕರು ಬಂದರು, ಎಷ್ಟು ಜನ ಬಿಟ್ಟು ಹೋದರು ಅಂತ ಪ್ರತಿ ತಿಂಗಳು ಲೆಕ್ಕ ತೆಗೆದು ಸಿಇಒ ಮುಂದೆ ಇಡುವುದು ನನ್ನ ಕೆಲಸ. ಇಡೀ ಕಂಪನಿ ಸೇರುವ ಟೌನ್‌ಹಾಲ್ ಸಭೆಯಲ್ಲಿ ಎಲ್ಲ ಬಾಸ್‌ಗಳೂ ಚೆನ್ನಾಗಿಯೇ ಮಾತಾಡುತ್ತಾರೆ. ಅವರನ್ನು ನಂಬಬಹುದಾ ಅನ್ನುವುದು ಲೆಕ್ಕ ಕೆಟ್ಟದಾಗಿ ಬಂದ ತಿಂಗಳು ಗೊತ್ತಾಗುತ್ತದೆ.

ಹಿಂದಿನ ಕಂಪನಿಯಲ್ಲಿ ಆ್ಯಪ್‌ನಲ್ಲಿ ತಿಂಗಳಿಗೆ ಒಂದಾದರೂ ಬಿಲ್ ಮಾಡಿದ ಅಂಗಡಿಯವರನ್ನು ಮಾತ್ರ ಆ್ಯಕ್ಟಿವ್ ಯೂಸರ್ ಅಂತ ಎಣಿಸುತ್ತಿದ್ದೆವು. ಆ ಸಂಖ್ಯೆ ಇಳಿಯಿತು. ಸುಮ್ನೆ ಆ್ಯಪ್ ತೆರೆದವರನ್ನೂ ಸೇರಿಸಿ ಅಂತ ಅಲ್ಲಿನ ಬಾಸ್ ಅಂದರು. ಆಮೇಲೆ ನಾವೇ ಕಳಿಸಿದ ನೋಟಿಫಿಕೇಶನ್ ಒತ್ತಿದವರೂ ಸೇರಿದರು. ಗ್ರಾಫ್ ಮೇಲೇರಿತು, ಬಿಲ್ ಮಾತ್ರ ಜಾಸ್ತಿ ಆಗಲಿಲ್ಲ. ಲೆಕ್ಕ ಹಾಕುವ ರೀತಿ ಬದಲಾಗಿದೆ ಅಂತ ಸ್ಲೈಡ್ ಕೆಳಗೆ ನಾನು ಹಾಕಿದ್ದ ಸಾಲು ಹೂಡಿಕೆದಾರರಿಗೆ ಹೋದ ಪ್ರತಿಯಲ್ಲಿ ಇರಲೇ ಇಲ್ಲ.

2009ರ ಜನವರಿ 7ರಂದು ಸತ್ಯಂ ಐಟಿ ಕಂಪನಿಯ ಅಧ್ಯಕ್ಷರಾಗಿದ್ದ ರಾಮಲಿಂಗ ರಾಜು, ಸುಳ್ಳು ಲೆಕ್ಕ ತೋರಿಸಿದ್ದನ್ನು ಒಪ್ಪಿಕೊಂಡು ಬರೆದ ಪತ್ರವನ್ನು ಐಟಿಯಲ್ಲಿರುವವರು ಒಮ್ಮೆ ಓದಬೇಕು. 2008ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ತೋರಿಸಿದ್ದ ಕಾರ್ಯಾಚರಣೆ ಲಾಭ 649 ಕೋಟಿ ರೂಪಾಯಿ, ನಿಜವಾಗಿ ಬಂದದ್ದು 61 ಕೋಟಿ. ಪುಸ್ತಕದಲ್ಲಿದ್ದ 5,361 ಕೋಟಿ ನಗದಿನಲ್ಲಿ 5,040 ಕೋಟಿ ಇರಲೇ ಇಲ್ಲ. ಇಷ್ಟಾದರೂ ಕೆಲವೇ ತಿಂಗಳ ಹಿಂದೆ ಉತ್ತಮ ಆಡಳಿತಕ್ಕೆಂದು ಕಂಪನಿಗೆ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು! ನನ್ನನ್ನು ಹೆಚ್ಚು ಕಾಡುವುದು ಪತ್ರದ ಇನ್ನೊಂದು ಮಾತು: ಶುರುವಿನಲ್ಲಿ ವ್ಯತ್ಯಾಸ ಸಣ್ಣದಿತ್ತು, ವರ್ಷ ಕಳೆದಂತೆ ಬೆಳೆಯುತ್ತಾ ಹೋಯಿತು ಅಂತ ಅವರೇ ಬರೆದಿದ್ದಾರೆ. ನಮ್ಮಲ್ಲಿ ನಡೆದದ್ದು ಅಷ್ಟು ದೊಡ್ಡದೇನಲ್ಲ, ಒಪ್ಪುತ್ತೇನೆ. ಆದರೆ ಸಣ್ಣದು ಅಂತ ಬಿಟ್ಟರೆ ಮುಂದಿನ ತಿಂಗಳು ಇನ್ನೊಂದು ಸಣ್ಣದು ಬೇಕಾಗುತ್ತದೆ, ಅಲ್ವಾ?

ಈಗಿನ ಕಂಪನಿಯ ಸಿಇಒ ಮೇಡಂ ಬೇರೆ ಥರ. ಬಿಟ್ಟು ಹೋದ ಗ್ರಾಹಕರ ಲೆಕ್ಕವೇ ಮೊದಲ ಸ್ಲೈಡ್‌ನಲ್ಲಿ ಬರಬೇಕು. ದೊಡ್ಡ ಗ್ರಾಹಕರೊಬ್ಬರು ಕೈಬಿಟ್ಟಾಗ ಬೋರ್ಡಿಗೆ ಹೋದ ಮೇಲ್ ಅದೇ ದಿನ ನಮಗೂ ಬಂತು, ಒಂದಕ್ಷರ ವ್ಯತ್ಯಾಸ ಇಲ್ಲದೆ. ಫಂಡಿಂಗ್ ಬಂದಾಗ ಅವರು ಹೆಚ್ಚು ಮಾತಾಡಲಿಲ್ಲ. ಗ್ರಾಹಕರು ಎರಡನೇ ವರ್ಷವೂ ತಾವಾಗಿಯೇ ದುಡ್ಡು ಕಟ್ಟಿ ರಿನ್ಯೂ ಮಾಡಿದರೆ ಮಾತ್ರ ಗೆದ್ದೆವು ಅನ್ನುತ್ತಾರೆ. ಇಂಥವರ ಕೈಕೆಳಗೆ ಕೆಲಸ ಮಾಡಲು ನನಗೆ ಹೆಮ್ಮೆ.

ಹೊಸ ಕಂಪನಿ ಸೇರುವವರು ಇಂಟರ್‌ವ್ಯೂನಲ್ಲಿ ಒಂದು ಪ್ರಶ್ನೆ ಕೇಳಿ: ಕಳೆದ ವರ್ಷ ಯಾವ ಟಾರ್ಗೆಟ್ ತಪ್ಪಿತು, ಅದನ್ನು ಬೋರ್ಡಿಗೆ ಯಾವಾಗ ಹೇಳಿದಿರಿ?