ಬಾಗಿಲ ಪಕ್ಕದ ಕುರ್ಚಿಯಿಂದ ಕಂಡ ಟ್ಯೂಮರ್ ಬೋರ್ಡ್

ನಾನು ಮೆಡಿಕಲ್ ಫಿಸಿಸಿಸ್ಟ್. ಡಾಕ್ಟರ್ ಅಲ್ಲ. ರೇಡಿಯೇಶನ್ ಯಂತ್ರದ ಕಿರಣ ಯಾವ ಕಡೆಯಿಂದ ಬರಬೇಕು, ಎಷ್ಟು ಬರಬೇಕು ಅಂತ ಲೆಕ್ಕ ಹಾಕುವವಳು. ಟ್ಯೂಮರ್ ಬೋರ್ಡ್ ಅಂದರೆ ಬೇರೆ ಬೇರೆ ವಿಭಾಗದವರು ವಾರಕ್ಕೊಮ್ಮೆ ಸೇರಿ ಒಬ್ಬೊಬ್ಬ ಕ್ಯಾನ್ಸರ್ ಪೇಷಂಟ್‌ಗೆ ಯಾವ ಚಿಕಿತ್ಸೆ ಅಂತ ತೀರ್ಮಾನಿಸುವ ಮೀಟಿಂಗ್. ಅಲ್ಲಿ ನನ್ನ ಕುರ್ಚಿ ಬಾಗಿಲ ಪಕ್ಕ. ಮುಂದಿನ ಸಾಲು ಸರ್ಜನ್‌ಗಳದ್ದು. ಯಾರೂ ಬರೆದಿಟ್ಟ ನಿಯಮವಲ್ಲ, ಹಾಗೇ ಆಗಿಬಿಟ್ಟಿದೆ.

ಸುಮಾರು ಕೇಸುಗಳು ಐದು ನಿಮಿಷಕ್ಕೆ ಮುಗಿಯುತ್ತವೆ. ಕ್ಯಾನ್ಸರ್ ಮೂಳೆಗೆ ಹರಡಿ ನೋವು ತಡೆಯಲಾಗುತ್ತಿಲ್ಲ ಅಂದರೆ, ಒಂದೇ ಸಲಕ್ಕೆ 8 ಗ್ರೇ ಕೊಟ್ಟರೆ ಸಾಕಲ್ವಾ ಅಂತ ಒಬ್ಬರು ಕೇಳುತ್ತಾರೆ. ತಲೆಗಳು ಅಲ್ಲಾಡುತ್ತವೆ. ಮುಂದಿನ ಹೆಸರು. (ಗ್ರೇ ಅಂದರೆ ದೇಹ ಹೀರಿಕೊಂಡ ವಿಕಿರಣದ ಅಳತೆ. ಲೂಯಿ ಹೆರಾಲ್ಡ್ ಗ್ರೇ ಅನ್ನುವ ಬ್ರಿಟಿಷ್ ಫಿಸಿಸಿಸ್ಟ್ ಹೆಸರು ಅದು. ಡಾಕ್ಟರುಗಳ ರೂಮಿನಲ್ಲಿ ನಮ್ಮವರೊಬ್ಬರ ಹೆಸರು ಇಷ್ಟು ಸಲ ಕೇಳಿಬರುತ್ತದಲ್ಲ ಅಂತ ನನಗೊಂದು ಸಣ್ಣ ಖುಷಿ.)

ಮೇಷ್ಟ್ರ ಕೇಸು ಮಾತ್ರ ಐದು ನಿಮಿಷಕ್ಕೆ ಮುಗಿಯಲಿಲ್ಲ. ಅವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಧ್ವನಿಪೆಟ್ಟಿಗೆಯ ಕ್ಯಾನ್ಸರ್. ಒಂದು ಕಡೆಯ ಧ್ವನಿತಂತು ಅಲ್ಲಾಡದೆ ನಿಂತುಬಿಟ್ಟಿತ್ತು.

ಸರ್ಜನ್ ನೇರ ಮನುಷ್ಯ. "ಪೆಟ್ಟಿಗೆಯನ್ನೇ ತೆಗೆದುಬಿಡೋಣ. ನೀವು ಕಿರಣ ಕೊಟ್ಟು, ಗೆಡ್ಡೆ ಮತ್ತೆ ಬಂದು, ಆಮೇಲೆ ನನ್ನ ಹತ್ರ ಕಳಿಸ್ತೀರಿ. ಕಿರಣ ತಗೊಂಡ ಜಾಗದಲ್ಲಿ ಗಾಯ ಬೇಗ ಮಾಯಲ್ಲ. ಹೊಲಿಗೆ ಸೋರಿದರೆ ದಿನಾ ನೋಡೋನು ನಾನು" ಅಂದರು. ಅದು ನಿಜ, ಅವರು ಹೆದರಿಸುತ್ತಿರಲಿಲ್ಲ.

ನಮ್ಮ ರೇಡಿಯೇಶನ್ ಮೇಡಂ 1991ರ ಒಂದು ಅಧ್ಯಯನ ತೆಗೆದರು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 332 ಜನರ ಮೇಲೆ ನಡೆದದ್ದು. ಅರ್ಧ ಜನಕ್ಕೆ ಆಪರೇಷನ್ ಮಾಡಿ ಆಮೇಲೆ ರೇಡಿಯೇಶನ್, ಉಳಿದವರಿಗೆ ಮೊದಲು ಕೀಮೋ, ನಂತರ ರೇಡಿಯೇಶನ್. ಎರಡು ವರ್ಷದ ಹೊತ್ತಿಗೆ ಬದುಕಿದ್ದವರು ಎರಡೂ ಕಡೆ ಶೇ. 68. ಎರಡನೇ ಗುಂಪಿನಲ್ಲಿ ಶೇ. 64ರಷ್ಟು ಜನರ ಧ್ವನಿಪೆಟ್ಟಿಗೆ ಉಳಿದಿತ್ತು. "ಉಳಿದ ಶೇ. 36 ಜನರನ್ನೂ ಎಣಿಸಿ ಮೇಡಂ" ಅಂದರು ಸರ್ಜನ್.

ರೇಡಿಯಾಲಜಿಸ್ಟ್ ಅಷ್ಟರಲ್ಲಿ ಸ್ಕ್ಯಾನ್‌ನ ಒಂದೇ ಚಿತ್ರವನ್ನು ಹಿಂದೆ ಮುಂದೆ ಓಡಿಸುತ್ತಿದ್ದರು. ಪೆಟ್ಟಿಗೆಯ ಮೃದ್ವಸ್ಥಿಯನ್ನು ಗೆಡ್ಡೆ ಕೊರೆದಿದೆಯೋ ಇಲ್ಲವೋ ಅಂತ ಅವರಿಗೆ ಅನುಮಾನ. ಪೂರ್ತಿ ಕೊರೆದು ಆಚೆ ಹೋಗಿದ್ದರೆ ಆಪರೇಷನ್ ಕಡೆಗೇ ತಕ್ಕಡಿ ವಾಲುತ್ತದೆ. ಎಂಆರ್‌ಐ ಬೇಕು ಅಂದರು.

ಆಗ ನನ್ನ ಪಕ್ಕದ ಕುರ್ಚಿಯ ಸ್ಪೀಚ್ ಥೆರಪಿಸ್ಟ್ ಕೇಳಿದಳು: "ಈಗ ಅವರು ನೀರು ಕುಡಿದರೆ ಕೆಮ್ಮು ಬರುತ್ತಾ?"

ಯಾರ ಹತ್ತಿರವೂ ಉತ್ತರವಿಲ್ಲ. ಮುಂದಿನ ಸಾಲು ಪೂರ್ತಿ ಹಿಂದೆ ತಿರುಗಿತು. ಧ್ವನಿಪೆಟ್ಟಿಗೆಯ ಮೊದಲ ಕೆಲಸ ಮಾತಲ್ಲ, ಅನ್ನ ನೀರು ಶ್ವಾಸಕೋಶಕ್ಕೆ ಹೋಗದಂತೆ ಕಾಯುವುದು. ಆ ಕೆಲಸವೇ ನಿಂತಿದ್ದರೆ ಪೆಟ್ಟಿಗೆ ಉಳಿಸಿ ಏನು ಬಂತು? ತೀರ್ಮಾನ ಒಂದು ವಾರ ಮುಂದಕ್ಕೆ ಹೋಯಿತು.

ಮುಂದಿನ ವಾರ ಎಂಆರ್‌ಐಯಲ್ಲಿ ಮೃದ್ವಸ್ಥಿ ಚೆನ್ನಾಗಿತ್ತು. ನುಂಗುವ ಪರೀಕ್ಷೆಯೂ ಸರಿಯಿತ್ತು. ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿ ತಡೆದುಕೊಳ್ಳಲು ಕಿಡ್ನಿ, ಕಿವಿ ಎರಡೂ ಗಟ್ಟಿ ಇರಬೇಕು, ಅದೂ ಆಯಿತು. ಇನ್ನೇನು ಮುಗಿಯಿತು ಅನ್ನುವಾಗ ದಂತವೈದ್ಯರು ಎರಡು ದವಡೆ ಹಲ್ಲು ಕೀಳಬೇಕು, ಮಾಯಲು ಎರಡು ವಾರ ಬೇಕು ಅಂದರು. ಕಿರಣ ಬಿದ್ದ ಮೇಲೆ ಕಿತ್ತರೆ ದವಡೆ ಮೂಳೆಯೇ ಸಾಯುವ ಅಪಾಯವಿದೆ. ಎರಡು ವಾರ ಕಾದರೆ ಗೆಡ್ಡೆ ಸುಮ್ನೆ ಕೂತಿರುತ್ತಾ? ಇದಕ್ಕೇ ಜಾಸ್ತಿ ಜಗಳವಾಯಿತು. ಕೊನೆಗೆ ನಾಳೆಯೇ ಹಲ್ಲು ಕೀಳುವುದು ಅಂತಾಯಿತು.

ಇಷ್ಟೆಲ್ಲ ಮಾತಾಡುವಾಗ ಮೇಷ್ಟ್ರು ಅಲ್ಲಿರಲಿಲ್ಲ. ಬೋರ್ಡ್ ಬಗ್ಗೆ ನನ್ನ ದೊಡ್ಡ ತಕರಾರು ಇದೇ. "ಪೇಷಂಟ್‌ಗೆ ಏನು ಬೇಕಂತೆ?" ಅನ್ನುವ ಪ್ರಶ್ನೆ ಯಾವಾಗಲೂ ಕೊನೆಗೆ, ಮುಂದಿನ ಸ್ಲೈಡ್ ಬರುವಾಗ ಬರುತ್ತದೆ. ಈ ಸಲ ಸರ್ಜನ್ ಮತ್ತು ಮೇಡಂ ಇಬ್ಬರೂ ಜೊತೆಗೆ ಕೂತು ಅವರಿಗೆ ಎರಡೂ ದಾರಿ ಹೇಳಿದರು. ತೆಗೆದ ಮೇಲೆಯೂ ಕವಾಟ ಇಟ್ಟು ಮಾತು ಕಲಿಯಬಹುದು, ಆದರೆ ದನಿ ಬೇರೆ. ಉಳಿಸಲು ಹೋದರೆ, ಮುಂದೆ ತೆಗೆಯಲೇಬೇಕಾಗಿ ಬರಬಹುದು. ಮೇಷ್ಟ್ರು ಎರಡು ದಿನ ಸಮಯ ಕೇಳಿದರು. ಆಮೇಲೆ ಬಂದು "ಕರೆಂಟೇ ಕೊಡಿ" ಅಂದರು. ಅವರ ಬಾಯಲ್ಲಿ ಕರೆಂಟ್ ಅಂದರೆ ರೇಡಿಯೇಶನ್. ಕೀಮೋ ಜೊತೆಜೊತೆಗೇ.

ಅಲ್ಲಿಂದ ನನ್ನ ಪಾಲು. 70 ಗ್ರೇ, 35 ಸಲ, ಏಳು ವಾರ. ಕತ್ತಿನ ಉಳಿದ ಗ್ರಂಥಿಗಳ ಜಾಗಕ್ಕೆ 56. ಮೇಡಂ ಸ್ಕ್ಯಾನ್‌ನ ಒಂದೊಂದು ಪದರದ ಮೇಲೂ ಗೆಡ್ಡೆಯ ಗೆರೆ ಎಳೆದರು. ಹಾಗೆ ಎಳೆದದ್ದನ್ನು ಇನ್ನೊಬ್ಬ ರೇಡಿಯೇಶನ್ ಡಾಕ್ಟರ್ ನೋಡಲೇಬೇಕು. ಹೊರಗಿನವರಿಗೆ ಗೊತ್ತಿರದ ಈ ಸಣ್ಣ ಮೀಟಿಂಗ್ ನನಗೆ ದೊಡ್ಡ ಬೋರ್ಡ್‌ಗಿಂತ ಇಷ್ಟ. ಅಲ್ಲಿ ಅವರು ಬಲಗಡೆಯ 9 ಮಿಲಿಮೀಟರ್ ಗ್ರಂಥಿಯೊಂದರ ಮೇಲೆ ಬೆರಳಿಟ್ಟರು. ಇದು 56ಕ್ಕೋ 70ಕ್ಕೋ? ರೇಡಿಯಾಲಜಿಸ್ಟ್‌ಗೆ ಫೋನ್ ಹೋಯಿತು. "ಗುಂಡಗಿದೆ, ನನಗೆ ಅಷ್ಟು ಹಿಡಿಸ್ತಿಲ್ಲ" ಅಂದರು. 63ಕ್ಕೆ ಹಾಕಿದೆವು.

ಬೆನ್ನುಹುರಿಗೆ ಮಾತ್ರ ರಾಜಿ ಇಲ್ಲ. ಎಲ್ಲೂ 45 ದಾಟದ ಹಾಗೆ ನಾನು ಮೂರು ಸಲ ಪ್ಲಾನ್ ಬದಲಿಸಿದೆ.

ನಾಲ್ಕನೇ ವಾರ ಟೆಕ್ನಾಲಜಿಸ್ಟ್ ಹುಡುಗ ಬಂದು, "ಮೇಡಂ, ಮಾಸ್ಕ್ ಸಡಿಲ ಆಗಿದೆ, ಕೆನ್ನೆ ಹತ್ರ ನನ್ನ ಬೆರಳು ಹೋಗುತ್ತೆ" ಅಂದ. ಕಿರಣ ಕೊಡುವಾಗ ತಲೆ ಕತ್ತು ಅಲ್ಲಾಡದ ಹಾಗೆ ಹಿಡಿಯುವ ಮಾಸ್ಕ್ ಅದು. ಮೇಷ್ಟ್ರಿಗೆ ನುಂಗಲಾಗದೆ ತೂಕ ಇಳಿದಿತ್ತು. ಡಯಟಿಷಿಯನ್ ಮೂಗಿನ ನಳಿಕೆ ಹಾಕಿಸಿದರು. ಹೊಸ ಮಾಸ್ಕ್, ಹೊಸ ಸ್ಕ್ಯಾನ್, ಹೊಸ ಪ್ಲಾನ್. ನಡುವೆ ಒಂದು ದಿನ ಯಂತ್ರ ಕೆಟ್ಟಿತು. ಈ ಕ್ಯಾನ್ಸರ್‌ನಲ್ಲಿ ದಿನ ತಪ್ಪಿದರೆ ಗೆಡ್ಡೆಗೆ ಲಾಭ. ಅದಕ್ಕೇ ಆರು ಗಂಟೆ ಅಂತರ ಬಿಟ್ಟು ಒಂದೇ ದಿನ ಎರಡು ಸಲ ಕೊಟ್ಟು ಲೆಕ್ಕ ಸರಿಮಾಡಿದೆವು.

ಮೂವತ್ತೈದನೇ ದಿನ ಮೇಷ್ಟ್ರ ದನಿ ಪೂರ್ತಿ ಕೂತಿತ್ತು. ಕಿರಣದ ಊತ, ನಿಧಾನಕ್ಕೆ ಇಳಿಯುತ್ತೆ ಅಂತ ಮೇಡಂ ಹೇಳಿದ್ದರು. ಹೋಗುವಾಗ ಒಂದು ಚೀಟಿಯಲ್ಲಿ ಏನೋ ಬರೆದು ಟೆಕ್ನಾಲಜಿಸ್ಟ್ ಹುಡುಗನ ಕೈಗಿಟ್ಟರು. ಅವನು ನನಗಿನ್ನೂ ತೋರಿಸಿಲ್ಲ.

ಗೆಡ್ಡೆ ಉಳಿದಿದೆಯಾ ಅಂತ ನೋಡುವ ಪೆಟ್ ಸ್ಕ್ಯಾನ್, ಚಿಕಿತ್ಸೆ ಮುಗಿದ ಹನ್ನೆರಡು ವಾರಕ್ಕೆ. ಅದಕ್ಕೆ ಮುಂಚೆ ಮಾಡಿದರೆ ಊತವೇ ಗೆಡ್ಡೆಯ ಹಾಗೆ ಹೊಳೆಯಬಹುದು. ಆಗ ಅವರ ಹೆಸರು ಮತ್ತೆ ಬೋರ್ಡ್ ಪಟ್ಟಿಗೆ ಬರುತ್ತದೆ. ಇವತ್ತಿಗೆ ಏಳು ವಾರ ಆಯಿತು.