ಲಂಡನ್ನಿನ ಬೇಲಿ, ಹಿತ್ತಲಿನ ತಗಡು

ಮಕ್ಕಳ ಮನೆಗೆಂದು ಊರಿಂದ ಲಂಡನ್ನಿಗೆ ಬರುವ ಅಪ್ಪ ಅಮ್ಮಂದಿರು ಅರಮನೆ, ಸೇತುವೆ ನೋಡಿಕೊಂಡು ಹೋಗುತ್ತಾರೆ. ದಕ್ಷಿಣ ಲಂಡನ್ನಿನ ಹಳೆಯ ಕೌನ್ಸಿಲ್ (ಸ್ಥಳೀಯ ಆಡಳಿತದ ಬಾಡಿಗೆ) ಮನೆಗಳ ಬೇಲಿಯನ್ನೂ ಒಮ್ಮೆ ನೋಡಬೇಕು. ಕಪ್ಪು ಬಣ್ಣದ ಉಕ್ಕಿನ ಕೊಳವೆ, ನಡುವೆ ತಂತಿ ಜಾಲರಿ. ಒಂದೊಂದು ತುಂಡಿನ ಎರಡೂ ತುದಿಯ ಹತ್ತಿರ ಕೊಳವೆ ಸೊಟ್ಟಗೆ ಬಾಗಿರುತ್ತದೆ. ಅವು ಎರಡನೇ ಮಹಾಯುದ್ಧದ ಸ್ಟ್ರೆಚರ್‌ಗಳು. ಆ ಬಾಗುಗಳೇ ನೆಲಕ್ಕೆ ಊರುವ ಕಾಲು. ವಿಷಾನಿಲದ ದಾಳಿ ಆಗಿಯೇ ಆಗುತ್ತದೆಂಬ ಭಯವಿತ್ತು. ಬಟ್ಟೆ ಅನಿಲವನ್ನು ಹೀರಿಕೊಳ್ಳುತ್ತದೆ, ಉಕ್ಕನ್ನಾದರೆ ತೊಳೆದು ಮತ್ತೆ ಬಳಸಬಹುದು. ಅಂಥ ದಾಳಿ ಆಗಲೇ ಇಲ್ಲ. ಹಳೆಯ ಕಬ್ಬಿಣದ ಬೇಲಿಗಳನ್ನು ಯುದ್ಧಕ್ಕೆಂದು ಕಿತ್ತೊಯ್ದಿದ್ದರಲ್ಲ, ಆ ಜಾಗಕ್ಕೆ ಉಳಿದ ಸ್ಟ್ರೆಚರ್‌ಗಳನ್ನು ಮಗ್ಗುಲಾಗಿ ನಿಲ್ಲಿಸಿದರು.

ಹಳೆಯ ಮನೆಗಳ ಹಿತ್ತಲಲ್ಲಿ ಕಾಣುವ, ಮೇಲೆ ಕಮಾನಿನಂತೆ ಬಾಗಿದ ತಗಡಿನ ಶೆಡ್ಡು ಆ್ಯಂಡರ್ಸನ್ ಶೆಲ್ಟರ್, ಅಂದರೆ ಬಾಂಬ್ ದಾಳಿಯಾದಾಗ ಅಡಗಿ ಕೂರುವ ಗೂಡು, ಇರಬಹುದು. ವರ್ಷಕ್ಕೆ 250 ಪೌಂಡಿಗಿಂತ ಕಡಿಮೆ ಆದಾಯವಿದ್ದವರಿಗೆ ಪುಕ್ಕಟೆ, ಉಳಿದವರಿಗೆ 7 ಪೌಂಡು. 1.2 ಮೀಟರ್ ಆಳದ ಗುಂಡಿ ತೋಡಬೇಕು. ಆರು ಬಾಗಿದ ತಗಡುಗಳನ್ನು ನೆತ್ತಿಯಲ್ಲಿ ಬೋಲ್ಟು ಹಾಕಿ ಕೂಡಿಸಬೇಕು, ಮುಂದೆ ಹಿಂದೆ ನೇರ ತಗಡು ನಿಲ್ಲಿಸಬೇಕು, ಮೇಲೆ ಕನಿಷ್ಠ 38 ಸೆಂ.ಮೀ. ಮಣ್ಣು ಹೇರಬೇಕು. ಎರಡು ಮೀಟರ್ ಉದ್ದ, 1.4 ಮೀಟರ್ ಅಗಲದಲ್ಲಿ ಆರು ಜನ! ಬಾಂಬಿನ ಒತ್ತಡಕ್ಕೆ ಸುಕ್ಕುತಗಡು ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಉಳಿದ ಹೊಡೆತವನ್ನು ಮಣ್ಣು ತಡೆಯುತ್ತದೆ. ಜನ ಸೋತದ್ದು ನೀರಿಗೆ. ಲಂಡನ್ನಿನ ಜೇಡಿಮಣ್ಣಲ್ಲಿ ಗುಂಡಿ ತೋಡಿದರೆ ಮಳೆನೀರು ಇಂಗುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಥಂಡಿ, ತೇವ ಸಾಕಾಗಿ ಎಷ್ಟೋ ಮಂದಿ ಮನೆಯೊಳಗೇ ಮಲಗಿದರು. ಹಿತ್ತಲೇ ಇಲ್ಲದವರ ಪಾಡು ಬೇರೆ. ಇವರಿಗಾಗಿ 1941ರಲ್ಲಿ ಬಂದ ಮಾರಿಸನ್ ಶೆಲ್ಟರ್ ಉಕ್ಕಿನ ಊಟದ ಮೇಜು: ಹಗಲು ಮೇಲೆ ತಟ್ಟೆ, ರಾತ್ರಿ ಕೆಳಗೆ ಹಾಸಿಗೆ. ಮಹಡಿ ಕುಸಿದರೆ ಹಲಗೆ ಬಾಗಬೇಕು, ಮುರಿಯಬಾರದು ಎಂಬುದೇ ಅದರ ಲೆಕ್ಕ.

ಇಷ್ಟೆಲ್ಲ ಪಾಡು ಯಾಕೆಂದರೆ, ರಾತ್ರಿ ಬರುವ ಬಾಂಬರ್ ಬ್ರಿಟನ್ನಿನ ವಿಮಾನಗಳ ಕಣ್ಣಿಗೆ ಬೀಳುತ್ತಿರಲಿಲ್ಲ. ರೇಡಿಯೋ ಅಲೆ ಕಳಿಸಿ, ತಾಗಿ ಹಿಂದಿರುಗಿದ ಅಲೆಯಿಂದ ವಿಮಾನ ಎಲ್ಲಿದೆಯೆಂದು ಹೇಳುವುದು ರಾಡಾರ್. ಕರಾವಳಿಯ ರಾಡಾರ್ ಗೋಪುರಗಳು ನೂರು ಮೀಟರಿಗೂ ಎತ್ತರ, ವಿಮಾನದೊಳಗೆ ಹಿಡಿಸುವ ಮಾತೇ ಇಲ್ಲ. ವಿಮಾನಕ್ಕೆ ಹಾಕಿದ ಮೊದಲ ರಾಡಾರಿನ ಅಲೆಯುದ್ದ ಸುಮಾರು 1.5 ಮೀಟರ್. ಅದರ ಕಿರಣ ಎಲ್ಲೆಡೆ ಹರಡಿ ನೆಲದಿಂದ ಹಿಂದಿರುಗುತ್ತಿತ್ತು. ಹಾಗಾಗಿ ವಿಮಾನ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ದೂರ ಕಾಣುತ್ತಿತ್ತು, ಅದರಾಚೆ ಬರೀ ಗದ್ದಲ. 1940ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರ್‍ಯಾಂಡಲ್ ಮತ್ತು ಬೂಟ್, ತಾಮ್ರದ ದಿಮ್ಮಿಯಲ್ಲಿ ಆರು ಪೊಳ್ಳು ಕೊರೆದು, ಚಿಕ್ಕ ಅಲೆಗಳನ್ನು ಹುಟ್ಟಿಸುವ ಕ್ಯಾವಿಟಿ ಮ್ಯಾಗ್ನೆಟ್ರಾನ್ ಮಾಡಿದರು. ಅಲೆಯುದ್ದ 10 ಸೆಂ.ಮೀ. ಆಸುಪಾಸಿಗೆ ಇಳಿಯಿತು, ವಿಮಾನದ ಮೂತಿಯೊಳಗೆ ಕೂರುವಷ್ಟು ಚಿಕ್ಕ ಬಟ್ಟಲಿನಿಂದಲೇ ಕಿರಣವನ್ನು ಬೇಕಾದ ಕಡೆ ತಿರುಗಿಸುವಂತಾಯಿತು. ಆದರೆ ಅಂಥ ರಾಡಾರ್ ಬಳಕೆಗೆ ಬಂದದ್ದು 1942ರಲ್ಲಿ, ಬ್ಲಿಟ್ಜ್, ಅಂದರೆ ಜರ್ಮನ್ ಬಾಂಬರ್‌ಗಳ ಆ ದಾಳಿ ಸರಣಿ, 1941ರ ಮೇನಲ್ಲೇ ಮುಗಿದಿತ್ತು. ಅಡುಗೆಮನೆಯ ಮೈಕ್ರೋವೇವ್ ಒಲೆಯಲ್ಲಿರುವುದೂ ಅದೇ ಜಾತಿಯ ಮ್ಯಾಗ್ನೆಟ್ರಾನ್, ಅಲೆಯುದ್ದ ಸುಮಾರು 12 ಸೆಂ.ಮೀ.

ಇಲ್ಲಿ ಕೆಲಸಕ್ಕೆ ಸೇರಿದ ಕನ್ನಡಿಗರಿಗೆ ಸಂಬಳದ ಚೀಟಿಯಲ್ಲಿ ಕಾಣುವ ಪಿಎವೈಇ, ಅಂದರೆ ಸಂಬಳ ಕೈಸೇರುವ ಮೊದಲೇ ತೆರಿಗೆ ಹಿಡಿಯುವ ಪದ್ಧತಿ, ಅದೂ ಯುದ್ಧಕಾಲದ್ದೇ, 1944ರದ್ದು. ಪಡಿತರವಂತೂ ಯುದ್ಧ ಮುಗಿದ ಮೇಲೂ ಬಿಗಿಯಾಯಿತು: ಯುದ್ಧದುದ್ದಕ್ಕೂ ಧಾರಾಳವಾಗಿ ಸಿಕ್ಕ ಬ್ರೆಡ್ಡಿಗೆ ಕೂಪನ್ ಬಂದದ್ದು 1946ರಲ್ಲಿ. ಸಸ್ಯಾಹಾರಿ ಎಂದು ಹೆಸರು ನೋಂದಾಯಿಸಿದವರಿಗೆ ಮಾಂಸದ ಬದಲು ಹೆಚ್ಚುವರಿ ಚೀಸ್ ಸಿಗುತ್ತಿತ್ತು. ಮಾಂಸದ ಪಡಿತರ ತೆಗೆದದ್ದು 1954ರ ಜುಲೈ 4ರಂದು.