ಬಿಎನ್‌ಪಿ ಕಡಿಮೆ ಬಂತು ಅಂತ ನಿಶ್ಚಿಂತೆ ಬೇಡ

ಏದುಸಿರು, ಕಾಲು ಊತ ಅಂತ ಹೋದವರಿಗೆ ಡಾಕ್ಟರು ಬರೆದುಕೊಡುವ ರಕ್ತ ಪರೀಕ್ಷೆಗಳಲ್ಲಿ ಎನ್‌ಟಿ-ಪ್ರೊಬಿಎನ್‌ಪಿ ಒಂದು. ಹೃದಯ ಬಿಎನ್‌ಪಿ ಅನ್ನುವ ಹಾರ್ಮೋನು ತಯಾರಿಸುವಾಗ ಜೊತೆಯಲ್ಲೇ ಹೊರಬೀಳುವ ತುಣುಕು ಇದು, ಬಿಎನ್‌ಪಿ ಎಷ್ಟಿದೆ ಅನ್ನುವ ಅಂದಾಜು ಇದರಿಂದ ಸಿಗುತ್ತದೆ. ಒಂದು ಮಿ.ಲೀ.ಗೆ 300 ಪಿಕೋಗ್ರಾಂಗಿಂತ ಕಡಿಮೆ ಬಂದರೆ ದಿಢೀರ್ ಹಾರ್ಟ್ ಫೇಲ್ಯೂರ್ ಇರುವ ಸಂಭವ ತೀರಾ ಕಡಿಮೆ. ಹಾಗಾಗಿ ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೆಯದು ಅಂತ ಎಲ್ಲರೂ ನಂಬಿಬಿಟ್ಟಿದ್ದಾರೆ. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮಾತ್ರ ಲೆಕ್ಕ ಉಲ್ಟಾ. ಇನ್ನೂ ಶುಗರ್ ಬಾರದವರಲ್ಲಿ ಈ ಹಾರ್ಮೋನು ಕಡಿಮೆ ಇದ್ದಷ್ಟೂ ಮುಂದೆ ಶುಗರ್ ಬರುವ ಸಾಧ್ಯತೆ ಹೆಚ್ಚು.

ಹೃದಯವೂ ಹಾರ್ಮೋನು ಸುರಿಸುವ ಅಂಗ. 1981ರಲ್ಲಿ ಕೆನಡಾದ ಅಡಾಲ್ಫೊ ಡಿ ಬೋಲ್ಡ್ ಮತ್ತು ಸಂಗಡಿಗರು ಇಲಿ ಹೃದಯದ ಮೇಲ್ಕೋಣೆಗಳ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದಾಗ ಅವುಗಳ ಮೂತ್ರದಲ್ಲಿ ಉಪ್ಪು, ನೀರು ಧಾರಾಳವಾಗಿ ಹೊರಬಂತು. ಅದು ಮೇಲ್ಕೋಣೆಗಳ ಹಾರ್ಮೋನಾದ ಎಎನ್‌ಪಿಯ ಕೆಲಸ. ಬಿಎನ್‌ಪಿಯನ್ನು ಜಪಾನಿನವರು 1988ರಲ್ಲಿ ಹಂದಿಯ ಮೆದುಳಿನಲ್ಲಿ ಕಂಡರು. ಅದನ್ನು ಹೆಚ್ಚಾಗಿ ತಯಾರಿಸುವುದು ಹೃದಯದ ಕೆಳಕೋಣೆಗಳು ಅಂತ ಆಮೇಲೆ ಗೊತ್ತಾಯಿತು. ಇವೆರಡೂ ಉಪ್ಪು ಹೊರಹಾಕುವುದರ ಜೊತೆಗೆ ಕೊಬ್ಬಿನ ಕೋಶಗಳಲ್ಲಿ ಕೂಡಿಟ್ಟ ಕೊಬ್ಬನ್ನೂ ಕರಗಿಸುತ್ತವೆ.

ಬೊಜ್ಜು ಬಂದಾಗ ಇವು ಕಡಿಮೆಯಾಗುತ್ತವೆ. ಕೊಬ್ಬಿನ ಕೋಶಗಳ ಮೇಲೆ ಈ ಹಾರ್ಮೋನುಗಳನ್ನು ಹಿಡಿದು ಒಳಗೆಳೆದು ಇಲ್ಲವಾಗಿಸುವ ರಿಸೆಪ್ಟರುಗಳಿವೆ. ಇನ್ಸುಲಿನ್ ಏರಿದಷ್ಟೂ ಅವುಗಳ ಸಂಖ್ಯೆ ಏರುತ್ತದೆ. ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದಲ್ಲಿ ತೂಬು ಹೆಚ್ಚಿದರೆ ಕೊನೇ ಭಾಗದ ಗದ್ದೆಗೆ ನೀರು ತಲುಪದಿದ್ದಂತೆ, ಹೃದಯ ಬಿಟ್ಟ ಹಾರ್ಮೋನು ದಾರಿಯಲ್ಲೇ ಇಂಗುತ್ತದೆ. ಕೊಬ್ಬು ಕರಗುವುದು ತಗ್ಗುತ್ತದೆ, ಬೊಜ್ಜು ಬೆಳೆಯುತ್ತದೆ, ಇನ್ಸುಲಿನ್ ಇನ್ನೂ ಏರುತ್ತದೆ.

ಇದು ಬರೀ ಬೊಜ್ಜಿನ ನೆರಳಲ್ಲ ಅನ್ನುವುದಕ್ಕೆ ಆಧಾರವಿದೆ. ಸ್ವೀಡನ್ನಿನ ಮಾಲ್ಮೊದಲ್ಲೂ ಅಮೆರಿಕದಲ್ಲೂ ನಡುವಯಸ್ಸಿನವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ, ತೂಕದ ಪ್ರಭಾವವನ್ನು ಲೆಕ್ಕದಿಂದ ಕಳೆದ ಮೇಲೂ ಈ ಸಂಬಂಧ ಉಳಿಯಿತು. ಹುಟ್ಟಿನಿಂದಲೇ ಬಿಎನ್‌ಪಿ ತುಸು ಹೆಚ್ಚಿರುವ ಜೀನ್ ಉಳ್ಳವರಿಗೆ ಶುಗರ್ ಬರುವುದು ಕಡಿಮೆ ಅಂತ 2011ರ ಸಂಶೋಧನೆಯೊಂದು ತೋರಿಸಿತು.

ಹಾಗಂತ ಶುಗರ್ ಬರುತ್ತದೋ ಇಲ್ಲವೋ ಅಂತ ತಿಳಿಯಲು ಈ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಇಷ್ಟಕ್ಕಿಂತ ಕಡಿಮೆ ಇದ್ದರೆ ಅಪಾಯ ಅನ್ನುವ ಒಪ್ಪಿತ ಗಡಿಯೇ ಇಲ್ಲ. ಒಂದು ಟೇಪು ಸಾಕು. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯದಲ್ಲಿ, ಬರಿ ಮೈಮೇಲೆ, ಉಸಿರು ಬಿಟ್ಟು ಅಳೆಯಿರಿ. ಪಂಚೆ, ಸೀರೆಯ ಗಂಟಿನ ಮೇಲೆ ಅಳೆದರೆ ಸುಳ್ಳು ಲೆಕ್ಕ ಸಿಗುತ್ತದೆ. ಚೆನ್ನೈನಲ್ಲಿ ರೂಪಿಸಿದ ಭಾರತೀಯ ಮಧುಮೇಹ ಅಪಾಯದ ಸ್ಕೋರಿನಲ್ಲಿ ಲೆಕ್ಕ ಹಾಕೋಣ. ಮಂಡ್ಯದಲ್ಲಿ ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ 46ರ ಅಂಗಡಿಯವರು (ಗಂಡಸು), ಹೊಟ್ಟೆ ಸುತ್ತಳತೆ 98 ಸೆಂ.ಮೀ., ತಂದೆಗೆ ಶುಗರ್ ಇತ್ತು ಅಂದುಕೊಳ್ಳಿ. ವಯಸ್ಸಿಗೆ 20, ಸುತ್ತಳತೆಗೆ 10, ವ್ಯಾಯಾಮ ಇಲ್ಲದ್ದಕ್ಕೆ 30, ತಂದೆಯ ಕಾಯಿಲೆಗೆ 10: ಒಟ್ಟು 70. 60 ಮತ್ತು ಮೇಲೆ ಇದ್ದರೆ ಅಪಾಯ ಹೆಚ್ಚು. ಅವರು ದಿನಾ ತಪ್ಪದೆ ನಡಿಗೆ ಶುರುಮಾಡಿದರೆ 10 ಇಳಿಯುತ್ತದೆ, ಸುತ್ತಳತೆ 90ಕ್ಕಿಂತ ಒಳಗೆ ಬಂದರೆ ಇನ್ನೊಂದು 10.

ಸ್ಕೋರು ಹೆಚ್ಚಿದ್ದರೆ ಖಾಲಿ ಹೊಟ್ಟೆಯ ಗ್ಲೂಕೋಸು ನೋಡಿಸಿ. 100ರಿಂದ 125 ಅಂದರೆ ಗಡಿ, 126 ಮುಟ್ಟಿದರೆ ಇನ್ನೊಮ್ಮೆ ಮಾಡಿಸಿ ಖಚಿತ ಮಾಡಿಕೊಳ್ಳಬೇಕು. ರಕ್ತವನ್ನು ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ತೆಗೆದರೇ ಅಂತ ಕಣ್ಣಿಟ್ಟು ನೋಡಿ. ಹಳ್ಳಿಯ ಕ್ಯಾಂಪಿನಲ್ಲಿ ಸಾದಾ ಟ್ಯೂಬಿಗೆ ತೆಗೆದು ಮಧ್ಯಾಹ್ನ ಮೈಸೂರಿಗೆ ಕಳಿಸಿದರೆ, ಗಂಟೆಗೆ ಶೇ 5ರಿಂದ 7ರಷ್ಟು ಗ್ಲೂಕೋಸನ್ನು ರಕ್ತಕಣಗಳೇ ತಿಂದು ಮುಗಿಸುತ್ತವೆ, ಇರುವ ಕಾಯಿಲೆ ಮುಚ್ಚಿಹೋಗುತ್ತದೆ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) ಕೂಡ ಆಗುತ್ತದೆ, ಆದರೆ ಕಬ್ಬಿಣದ ಕೊರತೆ ಇರುವವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅನುಮಾನ ಉಳಿದರೆ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯೇ ಸರಿ: 75 ಗ್ರಾಂ ಗ್ಲೂಕೋಸು (ಮಾನೋಹೈಡ್ರೇಟ್ ಪುಡಿಯಾದರೆ 82.5 ಗ್ರಾಂ), 250ರಿಂದ 300 ಮಿ.ಲೀ. ನೀರು, ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು, ಕುಡಿಯಲು ಶುರುಮಾಡಿದ ಎರಡು ಗಂಟೆಗೆ ರಕ್ತ. ನಡುವೆ ಓಡಾಟ, ಬೀಡಿ, ಕಾಫಿ ಬೇಡ. ಪರೀಕ್ಷೆ ಇದೆ ಅಂತ ಮೂರು ದಿನ ಮುದ್ದೆ, ಅನ್ನ ಬಿಟ್ಟು ಹೋಗುವವರು ಬಹಳ. ಹಾಗೆ ಮಾಡಿದರೆ ಸುಳ್ಳೇ ಏರಿಕೆ ಬರುತ್ತದೆ. ಎಂದಿನಂತೆ ಊಟ ಮಾಡಿ, ಹಿಂದಿನ ರಾತ್ರಿಯಿಂದ ಮಾತ್ರ ಉಪವಾಸ ಇರಿ. ಎರಡು ಗಂಟೆಯ ಅಂಕಿ 140ರಿಂದ 199 ಇದ್ದರೆ ಗಡಿಯಲ್ಲಿದ್ದೀರಿ, ನಡಿಗೆ ಮತ್ತು ಊಟ ಸರಿಪಡಿಸಿಕೊಂಡು ಹಿಂದಕ್ಕೆ ಬರಲು ಇನ್ನೂ ಸಮಯವಿದೆ.

ಶುಗರ್ ಬಂದ ಮೇಲೆ ಎನ್‌ಟಿ-ಪ್ರೊಬಿಎನ್‌ಪಿಗೆ ಬೇರೆ ಕೆಲಸ. ಹೃದಯ ಸೋಲುತ್ತಿದೆಯೇ ಅಂತ ಮೊದಲೇ ಗೊತ್ತಾಗಲು ವರ್ಷಕ್ಕೊಮ್ಮೆ ಮಾಡಿಸುವಂತೆ ಅಮೆರಿಕದ ಮಧುಮೇಹ ಸಂಸ್ಥೆ 2022ರಲ್ಲಿ ಸಲಹೆ ಕೊಟ್ಟಿತು. 125 ಅಥವಾ ಮೇಲೆ ಬಂದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸುವ ಬಗ್ಗೆ ಡಾಕ್ಟರನ್ನು ಕೇಳಿ. ವಯಸ್ಸು, ಕಿಡ್ನಿ ತೊಂದರೆ, ಎದೆಬಡಿತದ ಏರುಪೇರು ಈ ಅಂಕಿಯನ್ನು ಏರಿಸುತ್ತವೆ. ಬೊಜ್ಜು ಇಳಿಸುತ್ತದೆ, ಆದ್ದರಿಂದ ದಪ್ಪಗಿರುವವರಲ್ಲಿ 110 ಬಂದರೂ ಹೃದಯ ಪೂರ್ತಿ ಸರಿಯಿದೆ ಅನ್ನಲಾಗದು. ಕೂದಲಿಗೆಂದು ಹೆಚ್ಚು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮೊದಲು ಲ್ಯಾಬಿನಲ್ಲಿ ಹೇಳಿ, ಕೆಲವು ಯಂತ್ರಗಳಲ್ಲಿ ಅಂಕಿ ಕೆಳಗೆ ಬೀಳುತ್ತದೆ. ಹಾರ್ಟ್ ಫೇಲ್ಯೂರಿಗೆ ಕೊಡುವ, ಸಾಕುಬಿಟ್ರಿಲ್ ಇರುವ ಮಾತ್ರೆ ತೆಗೆದುಕೊಳ್ಳುವವರು ಬಿಎನ್‌ಪಿ ಬಿಟ್ಟು ಎನ್‌ಟಿ-ಪ್ರೊಬಿಎನ್‌ಪಿಯನ್ನೇ ಮಾಡಿಸಬೇಕು: ಆ ಮಾತ್ರೆ ಬಿಎನ್‌ಪಿಯನ್ನು ಒಡೆಯುವ ಕಿಣ್ವವನ್ನೇ ತಡೆಯುವುದರಿಂದ ಹೃದಯ ಸುಧಾರಿಸುತ್ತಿದ್ದರೂ ಬಿಎನ್‌ಪಿ ಏರಿದಂತೆ ಕಾಣುತ್ತದೆ.